ಮೊದಲು ಸಾಲು, ಆಮೇಲೆ ಸೂತ್ರ

ಗೂಗಲ್ ಶೀಟ್ಸ್ ಕಲಿಯುತ್ತೇನೆ ಅಂತ ಹೊರಟವರು ಮೊದಲು ಹುಡುಕುವುದು ಸೂತ್ರಗಳನ್ನು. ವಿಲುಕಪ್ ಹೇಗೆ, ಪಿವಟ್ ಟೇಬಲ್ ಹೇಗೆ, ಹತ್ತು ನಿಮಿಷದಲ್ಲಿ ಬಣ್ಣಬಣ್ಣದ ಚಾರ್ಟ್ ಹೇಗೆ. ನೀನು ಹಾಗೆ ಶುರು ಮಾಡಬೇಡ. ವೀಡಿಯೊದಲ್ಲಿ ತೋರಿಸುವ ಯಾವುದೋ ಕಂಪನಿಯ ಮಾರಾಟದ ಪಟ್ಟಿಯನ್ನು ನಕಲು ಮಾಡಿ ಅಭ್ಯಾಸ ಮಾಡಿದರೆ ಬೆರಳಿಗೆ ಚುರುಕು ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಆ ಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ನಷ್ಟವಿಲ್ಲದ ಕಡೆ ಕಣ್ಣು ಎಚ್ಚರವಾಗಿರುವುದಿಲ್ಲ.

ನಿನ್ನ ಮನೆಯಲ್ಲೇ ಒಂದು ನಿಜವಾದ ಲೆಕ್ಕ ಇರುತ್ತದೆ. ಅದು ತಪ್ಪಿದರೆ ಯಾರಿಗೋ ಹಣ ಕಡಿಮೆ ಬರುತ್ತದೆ. ಅಂಥದ್ದನ್ನು ಆರಿಸಿಕೊ. ನಾನು ಕೆಲಸದಲ್ಲಿದ್ದಷ್ಟು ಕಾಲ ಸಹಕಾರ ಸಂಘಗಳ ಪುಸ್ತಕಗಳನ್ನು ತಪಾಸಣೆ ಮಾಡಿದವನು. ಹಾಗಾಗಿ ನನಗೆ ಮೊದಲು ಹೊಳೆಯುವುದು ಹಾಲಿನ ಪಾಸ್‌ಬುಕ್. ನಿನ್ನ ಅಮ್ಮ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾರೆ ಎಂದುಕೊಳ್ಳೋಣ. ಪ್ರತಿ ಹೊತ್ತೂ ಅಳತೆ ಇದೆ, ಫ್ಯಾಟ್ ಇದೆ, ಫ್ಯಾಟ್ ಬಿಟ್ಟು ಉಳಿದ ಘನಾಂಶವಾದ ಎಸ್‌ಎನ್‌ಎಫ್ ಇದೆ, ಅವುಗಳ ಮೇಲೆ ಕಟ್ಟಿದ ದರ ಇದೆ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ ಆಗುತ್ತದೆ. ಲೀಟರಿಗೆ 5 ರೂಪಾಯಿಯ ಸರ್ಕಾರದ ಪ್ರೋತ್ಸಾಹಧನ ಅದರ ಜೊತೆ ಬರುವುದಿಲ್ಲ, ಬೇರೆಯಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ. ಎಷ್ಟು ಬರಬೇಕಿತ್ತು, ಎಷ್ಟು ಬಂತು ಎಂದು ಕೇಳಿದರೆ ಹೆಚ್ಚಿನ ಮನೆಗಳಲ್ಲಿ ಅಂದಾಜಿನ ಉತ್ತರ ಸಿಗುತ್ತದೆ, ಅಷ್ಟೆ. ಈ ಅಂದಾಜನ್ನು ಲೆಕ್ಕ ಮಾಡುವುದೇ ನಿನ್ನ ಮೊದಲ ಪಾಠವಾಗಲಿ. ಮನೆಯಲ್ಲಿ ಹಸು ಇಲ್ಲದಿದ್ದರೆ ಸ್ತ್ರೀಶಕ್ತಿ ಸಂಘದ ಸಾಲ-ಬಡ್ಡಿ, ಅಡಿಕೆ ಕೊಯ್ಲಿನ ಕೂಲಿ, ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ನಾಲ್ಕು ಜನ ಹಂಚಿಕೊಳ್ಳುವ ಖರ್ಚು, ಯಾವುದಾದರೂ ಆದೀತು.

ಶುರು ಮಾಡುವುದಕ್ಕೆ ಬೇಕಾದ್ದು ಒಂದು ಗೂಗಲ್ ಖಾತೆ, ಅಷ್ಟೆ. ಆಂಡ್ರಾಯ್ಡ್ ಫೋನ್ ಇದ್ದರೆ ಆ ಖಾತೆ ನಿನ್ನಲ್ಲಿ ಈಗಾಗಲೇ ಇದೆ. ಫೋನಿನ ಆ್ಯಪ್‌ನಲ್ಲೂ ಕೆಲಸ ಆಗುತ್ತದೆ, ಆದರೆ ಮೊದಲ ಕೆಲವು ವಾರ ಕಂಪ್ಯೂಟರಿನಲ್ಲಿ ಕಲಿ. ಇಡೀ ಹಾಳೆ ಒಟ್ಟಿಗೆ ಕಣ್ಣಿಗೆ ಬಿದ್ದರೆ ಮಾತ್ರ ತಪ್ಪು ಎದ್ದು ಕಾಣುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗ ಅರಿವು ಕೇಂದ್ರ ಎಂದು ಕರೆಯುವ ಕಡೆಗೆ, ಹೋಗಿ ಕೇಳು. ಅನೇಕ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ. ಎದ್ದು ಬರುವಾಗ ಲಾಗ್‌ಔಟ್ ಆಗಿದೆಯೇ ಎಂದು ನೋಡದೆ ಮಾತ್ರ ಬರಬೇಡ.

ಹೊಸ ಹಾಳೆ ತೆರೆದರೆ ಎ ಇಂದ ಝಡ್ ತನಕ 26 ಕಾಲಂ, ಕೆಳಗೆ 1000 ಸಾಲು ಇರುತ್ತವೆ. ಮೊದಲು ಅದಕ್ಕೊಂದು ಹೆಸರು ಇಡು. ಉಳಿಸುವ ಗುಂಡಿ ಹುಡುಕಬೇಡ, ಬರೆದದ್ದು ತಾನೇ ಉಳಿಯುತ್ತದೆ. ಒಂದಕ್ಷರ ಬರೆಯುವ ಮೊದಲು ಫೈಲ್ ಮೆನುವಿನ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಲ್ ಎಂಬಲ್ಲಿ ಇಂಡಿಯಾ ಇದೆಯೇ ಎಂದು ನೋಡು. ಇದನ್ನು ಯಾವ ಪಾಠದಲ್ಲೂ ಮೊದಲಿಗೆ ಹೇಳುವುದಿಲ್ಲ, ನಾನು ಹೇಳುತ್ತೇನೆ. ಅಲ್ಲಿ ಅಮೆರಿಕ ಇದ್ದರೆ ನೀನು ಬರೆದ 3/6, ಅಂದರೆ ಜೂನ್ ಮೂರು, ಹಾಳೆಯ ಪಾಲಿಗೆ ಮಾರ್ಚ್ ಆರು. 13/6 ಎಂದು ಬರೆದರೆ ಹದಿಮೂರನೇ ತಿಂಗಳು ಇಲ್ಲವಾದ್ದರಿಂದ ಅದು ತಾರೀಕೇ ಅಲ್ಲ, ಬರೀ ಅಕ್ಷರ. ತಿಂಗಳ ಮೊದಲ ಹನ್ನೆರಡು ದಿನ ಬೇರೆ ಬೇರೆ ತಿಂಗಳಿಗೆ ಚದುರಿ, ಉಳಿದ ದಿನಗಳು ಲೆಕ್ಕದಿಂದಲೇ ಹೊರಗೆ ನಿಲ್ಲುತ್ತವೆ. ಕಣ್ಣಿಗೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಈಗ ಸಾಲಿನ ಮಾತು. ನಾನು ಹೇಳಬೇಕೆಂದಿರುವುದರ ತಿರುಳು ಇಲ್ಲೇ ಇದೆ. ಒಂದು ಸಾಲು ಎಂದರೆ ನಡೆದ ಒಂದು ಸಂಗತಿ. ಒಂದು ಕಾಲಂ ಎಂದರೆ ಒಂದೇ ಬಗೆಯ ವಿವರ. ಮೇಲಿನ ಸಾಲಿನಲ್ಲಿ ತಲೆಬರಹಗಳು: ತಾರೀಕು, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ, ಕೊನೆಗೆ ಷರಾ. ಎರಡನೇ ಸಾಲಿನಲ್ಲಿ ಜೂನ್ 1, ಬೆಳಿಗ್ಗೆ, 5.4, 3.9, 8.5, 34.50. ಮೂರನೇ ಸಾಲಿನಲ್ಲಿ ಅದೇ ದಿನದ ಸಂಜೆ. ಮೂವತ್ತು ದಿನದ ತಿಂಗಳಿಗೆ 60 ಸಾಲು. ಬೆಳಿಗ್ಗೆಗೊಂದು ಕಾಲಂ ಸಂಜೆಗೊಂದು ಕಾಲಂ ಮಾಡಿ ಪಕ್ಕಪಕ್ಕ ಬರೆಯೋಣ, ಚೆನ್ನಾಗಿ ಕಾಣುತ್ತದೆ ಎಂದು ಆಸೆ ಆಗುತ್ತದೆ. ತಿಂಗಳಿಗೊಂದು ಹಾಳೆ ಮಾಡೋಣ ಎಂದೂ ಅನಿಸುತ್ತದೆ. ಎರಡೂ ಬೇಡ. ಕಾಗದದ ಪುಸ್ತಕದಲ್ಲಿ ಜಾಗ ಉಳಿಸಲು ಹಾಗೆ ಮಾಡುತ್ತಿದ್ದೆವು, ಇಲ್ಲಿ ಜಾಗಕ್ಕೆ ಬರವಿಲ್ಲ. ಒಂದು ಫೈಲಿನಲ್ಲಿ 1 ಕೋಟಿ ಚೌಕಗಳವರೆಗೆ ಹಿಡಿಯುತ್ತದೆ. ವರ್ಷವಿಡೀ ಕೆಳಕ್ಕೆ ಬರೆಯುತ್ತಾ ಹೋಗು. ತಿಂಗಳು ಬೇರ್ಪಡಿಸುವುದು, ಬೆಳಿಗ್ಗೆ-ಸಂಜೆ ಬೇರ್ಪಡಿಸುವುದು ಯಂತ್ರಕ್ಕೆ ಕ್ಷಣದ ಕೆಲಸ. ಹನ್ನೆರಡು ಹಾಳೆಗಳಲ್ಲಿ ಚದುರಿದ್ದನ್ನು ಒಂದುಗೂಡಿಸುವುದು ನಿನಗೆ ಒಂದು ಭಾನುವಾರದ ಕೆಲಸ.

ಚೌಕದೊಳಗೆ ಅಂಕಿ ಹಾಕಬೇಕಾದಲ್ಲಿ ಅಂಕಿಯನ್ನಷ್ಟೇ ಹಾಕು. '5.4 ಲೀ' ಎಂದು ಬರೆದರೆ ಹಾಳೆಗೆ ಅದು ಅಂಕಿಯಲ್ಲ. ಮೊತ್ತ ಕೂಡುವಾಗ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟಿದ್ದೇನೆ ಎಂದು ಹೇಳುವುದೂ ಇಲ್ಲ. ಒಂದು ಗುರುತು ನೆನಪಿಟ್ಟುಕೊ: ನೀನು ಏನೂ ಮಾಡದಿದ್ದರೆ ಅಂಕಿ ಚೌಕದ ಬಲಕ್ಕೆ ನಿಲ್ಲುತ್ತದೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ. ಲೀಟರಿನ ಕಾಲಮ್ಮಿನಲ್ಲಿ ಯಾವುದಾದರೂ ಎಡಕ್ಕೆ ಸರಿದಿದ್ದರೆ ಅಲ್ಲಿ ಏನೋ ಎಡವಟ್ಟಾಗಿದೆ. ಅದಕ್ಕೇ ಎಲ್ಲವನ್ನೂ ನಡುವಿಗೆ ತಂದು ಅಂದ ಮಾಡಬೇಡ ಎನ್ನುವುದು. ಅಂದ ಮಾಡಿದರೆ ಆ ಗುರುತೂ ಹೋಯಿತು.

ಸೊನ್ನೆಗೂ ಖಾಲಿಗೂ ಇರುವ ಅಂತರವನ್ನು ಮೊದಲ ದಿನದಿಂದಲೇ ಪಾಲಿಸು. ಅಂದು ಹಾಲು ಹಾಕಲಿಲ್ಲ ಎಂದರೆ 0. ಹಾಕಿದ್ದಾರೆ, ಚೀಟಿ ಕಳೆದಿದೆ ಎಂದರೆ ಖಾಲಿ ಬಿಟ್ಟು ಷರಾದಲ್ಲಿ ಕಾರಣ ಬರೆ. ಸರಾಸರಿ ತೆಗೆಯುವಾಗ ಹಾಳೆ ಸೊನ್ನೆಯನ್ನು ಸೇರಿಸಿಕೊಳ್ಳುತ್ತದೆ, ಖಾಲಿಯನ್ನು ಬಿಡುತ್ತದೆ. 'ಇಲ್ಲ' ಮತ್ತು 'ಗೊತ್ತಿಲ್ಲ' ಎರಡನ್ನೂ ಒಂದೇ ಮಾಡಿದ ಪುಸ್ತಕಗಳನ್ನು ನಾನು ಬಹಳ ನೋಡಿದ್ದೇನೆ. ಅಂಥ ಪುಸ್ತಕದಿಂದ ಸತ್ಯ ಹೊರಡಿಸುವುದು ಯಾರಿಂದಲೂ ಆಗದು. ಹಾಗೆಯೇ, ಹಸುವಿಗೆ ಹುಷಾರಿಲ್ಲದ ದಿನಗಳಿಗೆ ಹಳದಿ ಬಣ್ಣ ಬಳಿದು ಸುಮ್ಮನಾಗಬೇಡ. ಆ ಬಣ್ಣದ ಅರ್ಥ ನಿನಗೆ ಮಾತ್ರ ಗೊತ್ತು, ಆರು ತಿಂಗಳಾದ ಮೇಲೆ ನಿನಗೂ ಗೊತ್ತಿರುವುದಿಲ್ಲ. 'ಕೆಚ್ಚಲು ಬಾವು, ಔಷಧ ಕೊಟ್ಟಿದೆ' ಎಂದು ಷರಾದಲ್ಲಿ ಬರೆ. ಚೌಕಗಳನ್ನು ಒಂದಾಗಿಸುವ ಮರ್ಜ್ ಗುಂಡಿಯನ್ನಂತೂ ಲೆಕ್ಕದ ಹಾಳೆಯಲ್ಲಿ ಮುಟ್ಟಲೇಬೇಡ.

ಕನ್ನಡದಲ್ಲೇ ಬರೆ. ಕಾಲಂ ಹೆಸರು, ಷರಾ, ಖರ್ಚಿನ ಬಾಬ್ತು ಎಲ್ಲ ಕನ್ನಡದಲ್ಲಿರಲಿ. ಅಮ್ಮ ಓದಲಾಗದ ಲೆಕ್ಕ ಅಮ್ಮನ ಲೆಕ್ಕ ಹೇಗಾದೀತು? ಹಾಳೆ ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಹಳೆಯ ನುಡಿ ಅಥವಾ ಬರಹದ ಫಾಂಟ್‌ನಲ್ಲಿ ಬರೆದ ಕಡತದಿಂದ ತಂದು ಅಂಟಿಸಿದರೆ ಮಾತ್ರ ಅರ್ಥವಾಗದ ಚಿಹ್ನೆಗಳ ಸಾಲು ಬರುತ್ತದೆ. ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಅಂಕಿಗಳನ್ನು 1, 2, 3 ಎಂದೇ ಬರೆ. ಫೋನ್ ನಂಬರ್, ಬ್ಯಾಂಕ್ ಖಾತೆ ಸಂಖ್ಯೆಯ ಕಾಲಂ ಇದ್ದರೆ ಬರೆಯುವ ಮೊದಲೇ ಅದನ್ನು ಫಾರ್ಮ್ಯಾಟ್ ಮೆನುವಿನಲ್ಲಿ ಪ್ಲೇನ್ ಟೆಕ್ಸ್ಟ್ ಎಂದು ಮಾಡಿಬಿಡು. ಇಲ್ಲದಿದ್ದರೆ ಮುಂದಿನ ಸೊನ್ನೆಗಳು ಉದುರುತ್ತವೆ, ಬಹಳ ಉದ್ದದ ಸಂಖ್ಯೆಯಲ್ಲಿ ಹದಿನೈದರ ನಂತರದ ಅಂಕಿಗಳು ಕೈಕೊಡುತ್ತವೆ. ಅವು ಕೂಡಿ ಕಳೆಯುವ ಸಂಖ್ಯೆಗಳಲ್ಲ, ಹೆಸರಿನ ಹಾಗೆ ಗುರುತಿಗಾಗಿ ಇರುವವು.

ಒಂದು ವಾರದ ಸಾಲುಗಳು ತುಂಬಿದ ಮೇಲೆ ಮೊದಲ ಸೂತ್ರಕ್ಕೆ ಕೈಹಾಕು. ಮೊತ್ತದ ಚೌಕದಲ್ಲಿ ಸಮ ಚಿಹ್ನೆ ಹಾಕಿ ಸಿ2 ಗುಣಿಲೆ ಎಫ್2 ಎಂದು ಬರೆ. ಸೂತ್ರದೊಳಗಿನ ಅಕ್ಷರಗಳು ಇಂಗ್ಲಿಷಿನಲ್ಲೇ ಇರಬೇಕು, ಗುಣಿಲೆಗೆ ನಕ್ಷತ್ರ ಚಿಹ್ನೆ. 5.4 ಲೀಟರ್, 34.50 ದರ, 186.30 ರೂಪಾಯಿ ಎಂದು ಬರುತ್ತದೆ. ಚೌಕದ ಬಲಮೂಲೆಯ ಚುಕ್ಕೆ ಹಿಡಿದು ಕೆಳಕ್ಕೆ ಎಳೆದರೆ ಮೂರನೇ ಸಾಲಿನಲ್ಲಿ ಅದು ಸಿ3, ಎಫ್3 ಎಂದು ತಾನೇ ಬದಲಾಗಿ ಕೂರುತ್ತದೆ. ಎಲ್ಲ ಸಾಲೂ ಒಂದೇ ಚೌಕವನ್ನು ನೋಡಬೇಕಾದಾಗ, ಉದಾಹರಣೆಗೆ ಪ್ರೋತ್ಸಾಹಧನದ 5 ರೂಪಾಯಿ ಎಲ್ಲೋ ಒಂದು ಕಡೆ ಬರೆದಿದ್ದರೆ, ಆ ವಿಳಾಸದ ಅಕ್ಷರಕ್ಕೂ ಅಂಕಿಗೂ ಮುಂದೆ ಡಾಲರ್ ಚಿಹ್ನೆ ಹಾಕು. ಆಗ ಎಷ್ಟು ಎಳೆದರೂ ಅದು ಅಲುಗುವುದಿಲ್ಲ. ಆ 5 ಎಂಬುದನ್ನು ಸೂತ್ರಗಳ ಹೊಟ್ಟೆಯೊಳಗೆ ಹುದುಗಿಸಬೇಡ. ನಾಳೆ ಸರ್ಕಾರ ಅದನ್ನು ಬದಲಿಸಿದರೆ ಒಂದೇ ಕಡೆ ತಿದ್ದುವಂತಿರಬೇಕು.

ಇದಕ್ಕಾಗಿಯೇ ಹುಟ್ಟಿದ್ದು ಈ ಸಾಧನ. 1978ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡಾನ್ ಬ್ರಿಕ್ಲಿನ್, ಮೇಷ್ಟ್ರು ಕಪ್ಪುಹಲಗೆಯ ಮೇಲೆ ದೊಡ್ಡ ಕೋಷ್ಟಕ ಬರೆಯುವುದನ್ನು ನೋಡುತ್ತಿದ್ದ. ಒಂದು ಅಂಕಿ ಬದಲಾದರೆ ಅದರ ಮೇಲೆ ನಿಂತ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕಿತ್ತು. ಹಲಗೆಯೇ ತಾನಾಗಿ ಲೆಕ್ಕ ತಿದ್ದಿಕೊಂಡರೆ ಎಂಬ ಯೋಚನೆ ಅಲ್ಲಿ ಮೊಳೆಯಿತು. ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಅವನು ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಆಮೇಲೆ ಲೋಟಸ್ 1-2-3, ಎಕ್ಸೆಲ್. ಗೂಗಲ್ 2006ರಲ್ಲಿ ಅದನ್ನು ಬ್ರೌಸರಿನೊಳಕ್ಕೆ ತಂದು, ಒಂದೇ ಹಾಳೆಯ ಮೇಲೆ ಹಲವರು ಏಕಕಾಲಕ್ಕೆ ಬರೆಯುವಂತೆ ಮಾಡಿತು. ಇಷ್ಟು ಇತಿಹಾಸ ಸಾಕು. ಮೂಲದ ಅಂಕಿಯನ್ನು ಒಂದೇ ಕಡೆ ಇಟ್ಟು, ಉಳಿದದ್ದೆಲ್ಲ ಅದರಿಂದ ಹುಟ್ಟುವ ಹಾಗೆ ಕಟ್ಟಿದರೆ ಮಾತ್ರ ಬ್ರಿಕ್ಲಿನ್‌ನ ಯೋಚನೆ ನಿನಗೆ ದಕ್ಕುತ್ತದೆ. ಕ್ಯಾಲ್ಕುಲೇಟರಿನಲ್ಲಿ ಗುಣಿಸಿ ತಂದು ಉತ್ತರವನ್ನು ಚೌಕದಲ್ಲಿ ಬರೆಯುವವರೂ ಇದ್ದಾರೆ. ಅವರು ಇನ್ನೂ ಕಪ್ಪುಹಲಗೆಯ ಮುಂದೆಯೇ ನಿಂತಿದ್ದಾರೆ.

ಒಟ್ಟು ಮೊತ್ತವನ್ನು ಸಾಲುಗಳ ಕೆಳಗೆ ಬರೆಯುವುದು ನಮ್ಮ ಹಳೆಯ ರೂಢಿ. ಇಲ್ಲಿ ಅದನ್ನು ಬಿಡು. ಕೆಳಗೆ ಒಟ್ಟು ಬರೆದರೆ ನಾಳೆಯ ಸಾಲು ಎಲ್ಲಿಗೆ ಹೋಗಬೇಕು? ಬದಿಯಲ್ಲಿ ಇನ್ನೊಂದು ಹಾಳೆ ತೆರೆದು ಅದಕ್ಕೆ 'ಗೋಷ್ವಾರೆ' ಎಂದು ಹೆಸರಿಡು, ಒಟ್ಟುಗಳೆಲ್ಲ ಅಲ್ಲಿರಲಿ. ಸಮ್ ಎಂದು ಬರೆದು ಕಂಸ ತೆರೆದು, ಹಾಲಿನ ಹಾಳೆಗೆ ಹೋಗಿ ಮೊತ್ತದ ಕಾಲಮ್ಮನ್ನು ಆರಿಸಿದರೆ ವಿಳಾಸವನ್ನು ಅದೇ ಬರೆದುಕೊಳ್ಳುತ್ತದೆ. ಜಿ2:ಜಿ61 ಎಂದು ಕೊನೆ ಕಟ್ಟುವ ಬದಲು ಜಿ2:ಜಿ ಎಂದು ಬಿಡು. ಎರಡನೇ ಸಾಲಿನಿಂದ ಹಿಡಿದು ಎಷ್ಟಿದ್ದರೆ ಅಷ್ಟೂ ಕೂಡುತ್ತದೆ.

ಈ ಕೊನೆಯ ಅಂಕಿಯನ್ನು ಸಣ್ಣ ವಿಷಯ ಎಂದುಕೊಳ್ಳಬೇಡ. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ದೇಶವೊಂದರ ಸರ್ಕಾರಿ ಸಾಲ ಅದರ ಒಟ್ಟು ಉತ್ಪನ್ನದ ಶೇಕಡಾ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂಬ ಅವರ ಮಾತನ್ನು ಯುರೋಪ್, ಅಮೆರಿಕಗಳ ರಾಜಕಾರಣಿಗಳು ಸರ್ಕಾರಿ ಖರ್ಚು ಕಡಿತಕ್ಕೆ ಆಧಾರವಾಗಿ ಎತ್ತಿ ಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ತರಗತಿಯ ಅಭ್ಯಾಸಕ್ಕೆಂದು ಆ ಲೆಕ್ಕವನ್ನು ಮತ್ತೆ ಮಾಡಲು ಹೋದ. ಹೊಂದಲಿಲ್ಲ. ಮೂಲ ಎಕ್ಸೆಲ್ ಹಾಳೆಯನ್ನೇ ಕೊಡಿ ಎಂದು ಲೇಖಕರಿಗೆ ಬರೆದು ಕೇಳಿದ, ಅವರು ಕೊಟ್ಟರು. ನೋಡಿದರೆ ಸರಾಸರಿಯ ಸೂತ್ರ 30ನೇ ಸಾಲಿನಿಂದ 44ನೇ ಸಾಲಿನವರೆಗೆ ಮಾತ್ರ ಇತ್ತು. ಪಟ್ಟಿ 49ರ ತನಕ ಇತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ದೇಶ ಹೊರಗೆ ಉಳಿದಿದ್ದವು. ಅಂಕಿಗಳನ್ನು ಆರಿಸಿದ, ತೂಗಿದ ರೀತಿಯ ಬಗ್ಗೆಯೂ 2013ರಲ್ಲಿ ಹರ್ನ್‌ಡನ್ ಮತ್ತು ಅವನ ಇಬ್ಬರು ಮೇಷ್ಟ್ರುಗಳು ಪ್ರಶ್ನೆ ಎತ್ತಿದರು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ತಮ್ಮ ಒಟ್ಟು ತೀರ್ಮಾನವನ್ನು ಬಿಟ್ಟುಕೊಡಲಿಲ್ಲ. ನನಗೆ ಇದರಲ್ಲಿ ಎರಡು ವಿಷಯ ಮುಖ್ಯ ಅನಿಸುತ್ತದೆ. ಐದು ಸಾಲು ಬಿಟ್ಟುಹೋದದ್ದು ಹಾಳೆಯ ಮೇಲೆ ಎಲ್ಲೂ ತಪ್ಪಿನಂತೆ ಕಾಣುತ್ತಿರಲಿಲ್ಲ. ಮತ್ತು, ಕೇಳಿದಾಗ ಅವರು ಹಾಳೆಯನ್ನು ಕೊಟ್ಟರು. ಕೊಡದಿದ್ದರೆ ಇಂದಿಗೂ ಯಾರಿಗೂ ತಿಳಿಯುತ್ತಿರಲಿಲ್ಲ.

ಸರಾಸರಿ ಎಂದಾಗ ನಿನ್ನ ಹಾಲಿನ ಲೆಕ್ಕದಲ್ಲೇ ಒಂದು ಗುಂಡಿ ಇದೆ, ಹುಷಾರು. ರಾತ್ರಿಯ ಅಂತರ ಉದ್ದವಾದ್ದರಿಂದ ಸಾಮಾನ್ಯವಾಗಿ ಬೆಳಗಿನ ಹಾಲು ಹೆಚ್ಚು, ಫ್ಯಾಟ್ ಕಡಿಮೆ. ಸಂಜೆಯದು ಕಡಿಮೆ ಹಾಲು, ಹೆಚ್ಚು ಫ್ಯಾಟ್. ಬೆಳಿಗ್ಗೆ 6 ಲೀಟರ್ 3.6 ಫ್ಯಾಟ್, ಸಂಜೆ 4 ಲೀಟರ್ 4.2 ಫ್ಯಾಟ್ ಅನ್ನೋಣ. ಆವರೇಜ್ ಸೂತ್ರ ಹಾಕಿದರೆ 3.9 ಎನ್ನುತ್ತದೆ. ಆದರೆ ಎರಡು ಕ್ಯಾನಿನ ಹಾಲನ್ನು ಒಟ್ಟಿಗೆ ಸುರಿದು ಅಳೆದರೆ ಬರುವುದು 3.84. ಲೀಟರನ್ನು ಫ್ಯಾಟಿನಿಂದ ಗುಣಿಸಿ, ಎಲ್ಲ ಕೂಡಿ, ಒಟ್ಟು ಲೀಟರಿನಿಂದ ಭಾಗಿಸಬೇಕು. ಸಮ್‌ಪ್ರಾಡಕ್ಟ್ ಎಂಬ ಸೂತ್ರ ಆ ಗುಣಿಸಿ ಕೂಡುವ ಕೆಲಸ ಮಾಡುತ್ತದೆ. ಆವರೇಜ್ ಸೂತ್ರದಲ್ಲಿ ದೋಷವಿಲ್ಲ, ನೀನು ಕೇಳಿದ ಪ್ರಶ್ನೆ ಬೇರೆ, ನಿನಗೆ ಬೇಕಿದ್ದ ಉತ್ತರ ಬೇರೆ. ಈ ವ್ಯತ್ಯಾಸ ತಿಳಿಯಲು ಸೂತ್ರಗಳ ಪಟ್ಟಿ ನೆರವಾಗುವುದಿಲ್ಲ. ಕೊಟ್ಟಿಗೆಯಲ್ಲಿ ನಿಂತು ನೋಡಿದ ಅನುಭವ ನೆರವಾಗುತ್ತದೆ. ಹಾಗಾಗಿಯೇ ಮನೆಯ ಲೆಕ್ಕದಿಂದ ಶುರು ಮಾಡು ಎಂದದ್ದು.

ಮೂರನೆಯ ಹಾಳೆ ಖರ್ಚಿನದು. ತಾರೀಕು, ಬಾಬ್ತು, ಪ್ರಮಾಣ, ಮೊತ್ತ, ಷರಾ. ಇಲ್ಲಿ ಒಂದು ದಿನ 'ಹಿಂಡಿ', ಇನ್ನೊಂದು ದಿನ 'ಪಶು ಆಹಾರ', ಮತ್ತೊಂದು ದಿನ 'ಫೀಡ್' ಎಂದು ಬರೆದರೆ ಹಾಳೆಗೆ ಅವು ಮೂರು ಬೇರೆ ವಸ್ತು. ಪದದ ಹಿಂದೆ ಒಂದು ಖಾಲಿ ಜಾಗ ಉಳಿದಿದ್ದರೂ ಬೇರೆಯೇ ಆಗಿಬಿಡಬಹುದು. ಕನ್ನಡ ಕೀಲಿಮಣೆಗಳು ಬೇರೆ ಬೇರೆಯಾದರೆ ಕಣ್ಣಿಗೆ ಒಂದೇ ಕಾಣುವ ಪದದೊಳಗೆ ಕಾಣದ ಗುರುತೊಂದು ಸೇರಿಕೊಂಡಿರುವುದೂ ಉಂಟು. ಅದಕ್ಕೆ ಬಾಬ್ತಿನ ಕಾಲಮ್ಮನ್ನು ಕೈಯಿಂದ ಬರೆಯಬೇಡ. ಇನ್ಸರ್ಟ್ ಮೆನುವಿನಲ್ಲಿ ಡ್ರಾಪ್‌ಡೌನ್ ಇದೆ. ಹಿಂಡಿ, ಹಸಿ ಮೇವು, ಒಣ ಮೇವು, ಔಷಧ, ಕೂಲಿ ಎಂದು ಒಮ್ಮೆ ಪಟ್ಟಿ ಕೊಟ್ಟರೆ ಮುಂದೆ ಆರಿಸುವುದಷ್ಟೇ ಕೆಲಸ. ಆಮೇಲೆ ಸಮ್‌ಇಫ್ ಹಾಕಿ ಹಿಂಡಿಗೆ ಎಷ್ಟು ಹೋಯಿತು ಎಂದು ಕೇಳಬಹುದು, ಪಿವಟ್ ಟೇಬಲ್ ಹಾಕಿ ತಿಂಗಳುವಾರು ನೋಡಬಹುದು. ನೀನು ಮೊದಲ ದಿನ ಕಲಿಯಬೇಕೆಂದಿದ್ದ ಪಿವಟ್ ಟೇಬಲ್ ಇದೇ. ಸಾಲುಗಳು ನೇರವಾಗಿದ್ದರೆ ಅದು ನಾಲ್ಕು ಕ್ಲಿಕ್ಕಿನ ಕೆಲಸ.

ಖರ್ಚಿನ ಹಾಳೆಯಲ್ಲಿ ಇನ್ನೊಂದು ಬಾಬ್ತು ಇರಲಿ: ಮನೆಯವರ ದುಡಿಮೆ. ಅಮ್ಮ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹುಲ್ಲು ತಂದು, ಕರೆದು, ಡೈರಿಗೆ ಹೊತ್ತು ಹೋಗುವ ಹೊತ್ತನ್ನು ಗಂಟೆಗಳಲ್ಲಿ ಬರೆ. ಊರಿನ ಕೂಲಿ ದರದಲ್ಲಿ ಅದಕ್ಕೆ ಬೆಲೆ ಕಟ್ಟು. ಇದನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಹಾಲಿನಲ್ಲಿ ಲಾಭ ಎನ್ನುವ ಮಾತು ಎಷ್ಟೋ ಮನೆಗಳಲ್ಲಿ ಹೆಂಗಸರ ಬಿಟ್ಟಿ ದುಡಿಮೆಯ ಮೇಲೆ ನಿಂತಿದೆ. ಬರೆದ ಮೇಲೆ ಬರುವ ಅಂಕಿ ಮನೆಗೆ ಹಿಡಿಸದೇ ಇರಬಹುದು. ಹಿಡಿಸದಿದ್ದರೂ ಬರೆ.

ಸೂತ್ರ ಗೊತ್ತಾಗದಿದ್ದರೆ ಈಗ ಚಾಟ್‌ಜಿಪಿಟಿ, ಜೆಮಿನಿ ಕೇಳಿದರೆ ಕೊಡುತ್ತವೆ. ಕೇಳು, ತಪ್ಪೇನಿಲ್ಲ. ಆದರೆ ಕೊಟ್ಟ ಸೂತ್ರವನ್ನು ಇಡೀ ವರ್ಷದ ಸಾಲುಗಳ ಮೇಲೆ ಸುರಿಯುವ ಮೊದಲು ಮೂರು ಸಾಲಿನ ಮೇಲೆ ಹಾಕಿ, ಅದೇ ಮೂರು ಸಾಲನ್ನು ಕಾಗದದಲ್ಲಿ ಕೈಯಿಂದ ಮಾಡಿ ತಾಳೆ ನೋಡು. ತಾಳೆ ನೋಡದ ಲೆಕ್ಕಕ್ಕೆ ಸಹಿ ಹಾಕಬಾರದು ಎಂಬುದು ನನ್ನ ವೃತ್ತಿಯಲ್ಲಿ ಎಲ್ಲರಿಗೂ ಮೊದಲು ಕಲಿಸುವ ನಿಯಮ. ತಿಂಗಳಿಗೊಮ್ಮೆ ಹಾಳೆಯ ಒಟ್ಟನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆಗೂ ಹಾಲಿನ ಸಂಘದ ಚೀಟಿಯ ಜೊತೆಗೂ ಹೊಂದಿಸು. ವ್ಯತ್ಯಾಸ ಬಂದರೆ ತಕ್ಷಣ ಸಂಘದ ಕಾರ್ಯದರ್ಶಿಯ ಮೇಲೆ ಏರಿಹೋಗಬೇಡ. ನಿನ್ನ ಸಾಲುಗಳನ್ನು ಮತ್ತೊಮ್ಮೆ ನೋಡಿಕೊಂಡು, ಯಾವ ದಿನದ ಯಾವ ಹೊತ್ತು ಎಂದು ಬೆರಳಿಟ್ಟು ತೋರಿಸುವಷ್ಟು ಖಚಿತವಾದ ಮೇಲೆ ಹೋಗಿ ಕೇಳು. ಹಾಗೆ ಕೇಳಿದವರನ್ನು ಯಾರೂ ಸುಲಭಕ್ಕೆ ತಳ್ಳಿಹಾಕಲಾರರು.

ಸಾಲು ಮುರಿಯುವ ಒಂದು ಅಪಾಯ ಇದೆ, ಇಲ್ಲೇ ಹೇಳಿಬಿಡುತ್ತೇನೆ. ಫ್ಯಾಟಿನ ಕಾಲಮ್ಮನ್ನಷ್ಟೇ ಆರಿಸಿ ಏರಿಕೆ ಕ್ರಮಕ್ಕೆ ಜೋಡಿಸಿದರೆ ಫ್ಯಾಟ್ ಮಾತ್ರ ಜಾಗ ಬದಲಿಸುತ್ತದೆ, ತಾರೀಕು ಲೀಟರ್ ಇದ್ದಲ್ಲೇ ಇರುತ್ತವೆ. ಪ್ರತಿ ಸಾಲೂ ಸುಳ್ಳಾಗುತ್ತದೆ. ಮೇಲಿನ ತಲೆಬರಹದ ಸಾಲನ್ನು ವ್ಯೂ ಮೆನುವಿನ ಫ್ರೀಜ್‌ನಿಂದ ಕಟ್ಟಿಹಾಕಿ, ಡೇಟಾ ಮೆನುವಿನ ಫಿಲ್ಟರ್ ಹಚ್ಚಿ, ಅದರ ಮೂಲಕವೇ ಜೋಡಿಸು. ಆಗ ಸಾಲು ಇಡಿಯಾಗಿ ಸರಿಯುತ್ತದೆ.

ಹಂಚಿಕೊಳ್ಳುವಾಗ ಮೂರು ಅಧಿಕಾರಗಳಿವೆ: ನೋಡುವುದು, ಟಿಪ್ಪಣಿ ಹಾಕುವುದು, ತಿದ್ದುವುದು. ಅಪ್ಪನಿಗೆ ನೋಡುವುದು ಸಾಕು ಎಂದರೆ ಅಷ್ಟೇ ಕೊಡು. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಆಯ್ಕೆಯಿಂದ ದೂರವಿರು. ವಾಟ್ಸ್ಆ್ಯಪ್ ಗುಂಪಿಗೆ ಬಿದ್ದ ಲಿಂಕ್ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಹೆಸರು ಹಿಡಿದು, ಅವರ ಇಮೇಲಿಗೇ ಕೊಡು. ಸ್ತ್ರೀಶಕ್ತಿ ಸಂಘದ ಲೆಕ್ಕ ನಿನ್ನ ಕೈಗೆ ಬಂದರೆ ಇನ್ನೂ ಬಿಗಿಯಾಗಿರು. ಯಾರ ಸಾಲ ಎಷ್ಟು ಬಾಕಿ ಎಂಬುದು ಊರಿನ ಬಾಯಿಗೆ ಬೀಳಬಾರದು. ಆಧಾರ್ ಸಂಖ್ಯೆಯನ್ನು ಹಾಳೆಯಲ್ಲಿ ಬರೆಯುವ ಅಗತ್ಯ ಬಹುತೇಕ ಇರುವುದೇ ಇಲ್ಲ. ಹಾಳೆಯನ್ನೋ ಕಾಲಮ್ಮನ್ನೋ ಮರೆಮಾಡಿದರೆ ಅದು ಗುಟ್ಟಾಯಿತು ಎಂದೂ ತಿಳಿಯಬೇಡ. ತಿದ್ದುವ ಅಧಿಕಾರ ಇದ್ದವರು ಅದನ್ನು ಮತ್ತೆ ತೆರೆಯಬಲ್ಲರು.

ಕಾಗದದ ಪುಸ್ತಕದಲ್ಲಿ ತಪ್ಪಾದ ಅಂಕಿಯನ್ನು ಅಳಿಸುವ ಹಾಗಿರಲಿಲ್ಲ. ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದು ಬರೆದು, ಸಹಿ ಹಾಕಬೇಕಿತ್ತು. ತಿದ್ದಿದ್ದು ಎಲ್ಲರಿಗೂ ಕಾಣಬೇಕು ಎಂಬುದು ಅದರ ಉದ್ದೇಶ. ಗೂಗಲ್ ಶೀಟ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ನಿಯಮವನ್ನು ಅದು ತಾನೇ ಪಾಲಿಸುವುದು. ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದು ಇರುತ್ತದೆ. ಹಳೆಯ ಸ್ಥಿತಿಗೆ ಮರಳಲೂ ಬರುತ್ತದೆ. ತಂಗಿ ಆಟವಾಡುತ್ತಾ ಒಂದು ತಿಂಗಳ ಸಾಲು ಅಳಿಸಿದರೂ ಗಾಬರಿ ಬೇಡ. ಸ್ತ್ರೀಶಕ್ತಿ ಸಂಘದ ಲೆಕ್ಕವಾದರೆ ಸದಸ್ಯರಿಗೆ ಈ ಚರಿತ್ರೆಯನ್ನು ತೆರೆದು ತೋರಿಸು. ಲೆಕ್ಕ ಬರೆಯುವವರ ಮೇಲೆ ನಂಬಿಕೆ ಹುಟ್ಟುವುದು ಹಾಗೆ.

ಉಚಿತ ಎನ್ನುವುದಕ್ಕೂ ಎಲ್ಲೆ ಇದೆ. ಖಾತೆಗೆ 15 ಜಿಬಿ ಜಾಗ ಸಿಗುತ್ತದೆ, ಅದನ್ನು ನಿನ್ನ ಮೇಲ್, ಫೋಟೊಗಳೂ ಹಂಚಿಕೊಳ್ಳುತ್ತವೆ. ಫೋಟೊಗಳಿಂದ ಅದು ತುಂಬಿಹೋದರೆ ಲೆಕ್ಕ ಬರೆಯುವುದಕ್ಕೂ ಅಡ್ಡಿ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಆದ್ದರಿಂದ ಪ್ರತಿ ಮಾರ್ಚ್ ಕೊನೆಗೆ ಫೈಲ್ ಮೆನುವಿನ ಡೌನ್‌ಲೋಡ್‌ನಿಂದ ಎಕ್ಸೆಲ್ ರೂಪದ ಒಂದು ಪ್ರತಿ ಇಳಿಸಿ ಪೆನ್‌ಡ್ರೈವಿನಲ್ಲಿಡು. ನೆಟ್‌ವರ್ಕ್ ಸಿಗದ ಊರಾದರೆ ಆಫ್‌ಲೈನ್ ಸೌಲಭ್ಯವನ್ನು ಮೊದಲೇ ಚಾಲೂ ಮಾಡಿಟ್ಟುಕೊ. ಗೂಗಲ್ ಬೇಡ ಎನಿಸಿದರೆ ಜೊಹೊ ಶೀಟ್ ಇದೆ, ಬ್ರೌಸರಿನಲ್ಲೇ ನಡೆಯುವ ಎಕ್ಸೆಲ್ ಇದೆ. ನೆಟ್ಟೇ ಬೇಡದ ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ಉಚಿತವೇ. ಸಾಲು ಬರೆಯುವ ಶಿಸ್ತು ಇವೆಲ್ಲಕ್ಕೂ ಒಂದೇ, ಸೂತ್ರಗಳೂ ಬಹುತೇಕ ಒಂದೇ. ನಾಳೆ ಯಾವ ಆಫೀಸಿಗೆ ಹೋದರೂ ಕೈಗೆ ಬರುವುದು ಇದೇ ಚೌಕಗಳು.

ಕೆಲಸ ಸಿಕ್ಕಿ ಊರು ಬಿಡುವ ದಿನ ಬಂದೇ ಬರುತ್ತದೆ. ಅದಕ್ಕೆ ಮುಂಚೆ ಫೈಲಿನ ಮೊದಲಿಗೆ ಒಂದು ಹಾಳೆ ಸೇರಿಸಿ, ಯಾವ ಕಾಲಮ್ಮಿನಲ್ಲಿ ಏನು, ಸೊನ್ನೆ ಯಾವಾಗ, ಖಾಲಿ ಯಾವಾಗ, ದರ ಬದಲಾದರೆ ಎಲ್ಲಿ ತಿದ್ದಬೇಕು ಎಂಬುದನ್ನು ಕನ್ನಡದಲ್ಲಿ ಬರೆದಿಡು. ಸೂತ್ರವಿರುವ ಕಾಲಮ್ಮುಗಳಿಗೆ ಡೇಟಾ ಮೆನುವಿನಿಂದ ರಕ್ಷಣೆ ಹಾಕು. ಒಂದು ತಿಂಗಳು ತಂಗಿಯ ಕೈಲಿ ಬರೆಸಿ, ನೀನು ಪಕ್ಕದಲ್ಲಿ ಕೂತು ಬರೀ ನೋಡು. ಅಮ್ಮ ಫೋನಿನಲ್ಲಿ ಈ ತಿಂಗಳು ಎಷ್ಟಾಯಿತು ಎಂದು ತಾವೇ ತೆರೆದು ಓದುವುದನ್ನು ಕಲಿಯುವ ತನಕ ಜೊತೆಗಿರು. ಆಮೇಲೆ ಹಂಚಿಕೆಯ ಕಿಟಕಿಯಲ್ಲಿ ತಂಗಿಯ ಹೆಸರಿನ ಎದುರು ಮಾಲೀಕತ್ವ ವರ್ಗಾವಣೆ ಆರಿಸು. ಅವಳು ಒಪ್ಪಿಕೊಂಡ ಮೇಲೆ ನಿನ್ನ ಹೆಸರಿಗೆ ನೋಡುವ ಅಧಿಕಾರವಷ್ಟೇ ಉಳಿಸಿಕೊ.